ಕಾಲಿಂಗ್ ಬೆಲ್ ಪಕ್ಕದ ಹೆಸರು

ಶನಿವಾರ ಬೆಳಗ್ಗೆ ಹತ್ತೂಮುಕ್ಕಾಲಕ್ಕೆ ನಾನು ಆ ಕಟ್ಟಡ ಮುಟ್ಟುವಷ್ಟರಲ್ಲಿ ಮೆಟ್ಟಿಲುಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು. ಒಬ್ಬ ಹುಡುಗಿ ತನ್ನ ಅಮ್ಮನನ್ನೂ ಕರೆದುಕೊಂಡು ಬಂದಿದ್ದಳು, ಇನ್ನೊಬ್ಬ ಟೈ ಕಟ್ಟಿಕೊಂಡಿದ್ದ. ಹನ್ನೊಂದಕ್ಕೆ ಬಾಗಿಲು ತೆರೆಯಿತು. ಗರ್ಭಗುಡಿಯ ಮುಂದೆ ಸಾಲು ಸರಿಯುವ ಹಾಗೆ ಸರಿದೆವು. ಒಂದು ಕೋಣೆ, ಒಂದು ಕಿಟಕಿ, ಬಚ್ಚಲು, ಮತ್ತೆ ಹೊರಗೆ. ನನ್ನ ಪಾಲಿಗೆ ಬಂದದ್ದು ಮೂರು ನಿಮಿಷ. ಮೇಜಿನ ಮೇಲಿದ್ದ ರಾಶಿಗೆ ನನ್ನ ಫೈಲನ್ನೂ ಸೇರಿಸಿ ಇಳಿದು ಬರುವಾಗ ಕೆಳಗಿನಿಂದ ಇನ್ನೂ ಜನ ಹತ್ತುತ್ತಲೇ ಇದ್ದರು. ಅದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆಗೆಂದು ನಾನು ನೋಡಿದ ಹದಿನಾಲ್ಕನೆಯ ಮನೆ.

ಕೆಲಸಕ್ಕೆಂದು ಇಲ್ಲಿಗೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ. ಮೊದಲ ಎರಡು ತಿಂಗಳು ಆಫೀಸಿನವರು ಕೊಟ್ಟ ಕೋಣೆಯಲ್ಲಿದ್ದೆ. ಅಷ್ಟರಲ್ಲಿ ಮನೆ ಸಿಗದೇ ಇರುತ್ತದೆಯೇ ಎಂಬ ಧೈರ್ಯ. ಕೆಲಸ ಇದೆ, ಸಂಬಳ ಬರುತ್ತದೆ, ಬಾಡಿಗೆ ಕೊಡುವವನಿಗೆ ಮನೆ ಕೊಡದೆ ಯಾರು ಬಿಡುತ್ತಾರೆ? ಎರಡು ತಿಂಗಳು ಮುಗಿದ ದಿನ ಎರಡು ಸೂಟ್‌ಕೇಸು ಎಳೆದುಕೊಂಡು, ಬೇರೆ ಊರಿಗೆ ಓದಲು ಹೋಗಿದ್ದ ವಿದ್ಯಾರ್ಥಿಯೊಬ್ಬನ ಕೋಣೆಗೆ ಹೋದೆ. ಅವನು ಬರುವವರೆಗೆ ಮಾತ್ರ. ಇಂಥ ಮಧ್ಯಂತರ ಬಾಡಿಗೆಗೆ ಇಲ್ಲಿ ಸ್ವಿಷೆನ್‌ಮೀಟೆ ಅನ್ನುತ್ತಾರೆ. ಅವನ ಹಾಸಿಗೆ, ಅವನ ಪರದೆ, ಗೋಡೆಯ ಮೇಲೆ ಅವನ ಗೆಳೆಯರ ಫೋಟೋಗಳು. ಐದು ತಿಂಗಳು ಆ ಮುಖಗಳ ಎದುರಿಗೆ ನಿದ್ದೆ ಮಾಡಿ ಎದ್ದೆ.

ಇಲ್ಲಿನ ಬಾಡಿಗೆ ಲೆಕ್ಕ ತಲೆಗೆ ಹತ್ತಲು ಸ್ವಲ್ಪ ಕಾಲ ಹಿಡಿಯಿತು. ಮನೆಯೊಂದರದೇ ಬಾಡಿಗೆ ಕಾಲ್ಟ್‌ಮೀಟೆ, ಅಂದರೆ ತಣ್ಣನೆ ಬಾಡಿಗೆ. ಕೋಣೆ ಬೆಚ್ಚಗಿಡುವ ಖರ್ಚು, ನೀರು, ಕಸ, ಮೆಟ್ಟಿಲ ದೀಪ ಎಲ್ಲ ಸೇರಿದರೆ ವಾರ್ಮ್‌ಮೀಟೆ, ಬೆಚ್ಚನೆ ಬಾಡಿಗೆ. ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಇದೆ. ‘ಎರಡು ಕೋಣೆಯ ಮನೆ’ ಎಂದರೆ ಮಲಗುವ ಕೋಣೆಯೊಂದು, ಹಾಲ್ ಒಂದು. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಅಡುಗೆಮನೆ ಎಂದು ತೋರಿಸುವುದು ಎಷ್ಟೋ ಸಲ ಬರೀ ಖಾಲಿ ಕೋಣೆ. ಗೋಡೆಯಿಂದ ನೀರಿನ ಕೊಳವೆಯ ಬಾಯಿ ಇಣುಕುತ್ತಿರುತ್ತದೆ, ಅಷ್ಟೇ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಹಿಂದಿನವರು ಕಳಚಿಕೊಂಡು ಹೋಗಿರುತ್ತಾರೆ. ದೀಪಗಳನ್ನೂ ಬಿಟ್ಟಿರುವುದಿಲ್ಲ, ಚಾವಣಿಯಿಂದ ಎರಡು ವೈರು ಜೋತಾಡುತ್ತಿರುತ್ತವೆ. ಮೊದಲ ಸಲ ಅದನ್ನು ಕಂಡಾಗ ಯಾರೋ ಈ ಮನೆಯನ್ನು ಕೋಪದಲ್ಲಿ ಬಿಟ್ಟುಹೋಗಿದ್ದಾರೆ ಅಂದುಕೊಂಡಿದ್ದೆ.

ಆದರೆ ನನ್ನನ್ನು ಸೋಲಿಸುತ್ತಿದ್ದದ್ದು ದುಡ್ಡಲ್ಲ, ಫೈಲು. ಮೂರು ತಿಂಗಳ ಸ್ಯಾಲರಿ ಸ್ಲಿಪ್ ಬೇಕು, ನನ್ನ ಹತ್ತಿರ ಇದ್ದದ್ದು ಒಂದು. ಸಾಲ ಸರಿಯಾಗಿ ತೀರಿಸುವವನೇ ಎಂದು ಹೇಳುವ, ಶೂಫಾ ಎಂಬ ಸಂಸ್ಥೆಯ ವರದಿ ಬೇಕು. ಈ ದೇಶಕ್ಕೆ ನಿನ್ನೆ ಬಂದವನ ಬಗ್ಗೆ ಶೂಫಾಕ್ಕೆ ಹೇಳಲು ಏನೂ ಇರುವುದಿಲ್ಲ. ಹಿಂದಿನ ಮಾಲೀಕರಿಂದ ‘ಇವನು ಬಾಡಿಗೆ ಬಾಕಿ ಉಳಿಸಿಲ್ಲ’ ಎಂಬ ಪತ್ರ ಬೇಕು. ನನ್ನ ಹಿಂದಿನ ಮಾಲೀಕರು ಅಂದರೆ ಅಪ್ಪ. ಆಫೀಸಿನಲ್ಲಿ ಹತ್ತು ವರ್ಷದಿಂದ ಇರುವ ಕನ್ನಡದ ಅಕ್ಕ ಒಬ್ಬರಿದ್ದಾರೆ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಫೈಲನ್ನು ಪೂರ್ತಿ ಓದಿ, “ನೋಡಪ್ಪಾ, ಇದರಲ್ಲಿ ಕಾಗದ ಎಲ್ಲಾ ಇದೆ, ನೀನಿಲ್ಲ. ಯಾರು, ಯಾಕೆ ಬಂದೆ, ಹೇಗೆ ಬದುಕ್ತೀಯ, ಒಂದು ಪುಟ ಬರಿ” ಅಂದರು. ಕೂತು ಬರೆದೆ. ಸಿಗರೇಟು ಸೇದುವುದಿಲ್ಲ, ಪ್ರಾಣಿ ಸಾಕಿಲ್ಲ, ವಾದ್ಯ ನುಡಿಸುವುದಿಲ್ಲ. ಬರೆಯುತ್ತ ಹೋದಂತೆ ನಾನು ಏನೇನು ಅಲ್ಲ ಎಂಬುದರ ಪಟ್ಟಿಯಾಯಿತು. ಹರಿದು ಹಾಕಿ ಮತ್ತೆ ಬರೆದೆ.

ಮೋಸದ ಜಾಹೀರಾತುಗಳ ಬಗ್ಗೆಯೂ ಹೇಳಿಬಿಡಬೇಕು, ಹೊಸದಾಗಿ ಬರುವ ಯಾರಿಗಾದರೂ ಉಪಯೋಗವಾದೀತು. ಊರ ನಡುವೆ ಚೆಂದದ ಮನೆ, ಬಾಡಿಗೆ ಅರ್ಧ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಠೇವಣಿ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ. ಕಣ್ಣಾರೆ ನೋಡದ ಮನೆಗೆ ಒಂದು ಪೈಸೆ ಕಳಿಸಬೇಡಿ. ನಾನು ಕಳಿಸಲಿಲ್ಲ, ಆದರೆ ಒಂದು ರಾತ್ರಿ ಬ್ಯಾಂಕಿನ ಆ್ಯಪ್ ತೆರೆದಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದೆ. ದಣಿದ ಮನುಷ್ಯನಿಗೆ ಸುಳ್ಳು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂಬುದು ಆ ರಾತ್ರಿ ಗೊತ್ತಾಯಿತು.

ಇವೆಲ್ಲದರ ನಡುವೆ ನನ್ನನ್ನು ನಿಜಕ್ಕೂ ನೋಯಿಸಿದ್ದು ಒಂದು ಸಣ್ಣ ಸಂಗತಿ. ಇಲ್ಲಿನ ಅಪಾರ್ಟ್‌ಮೆಂಟುಗಳ ಬಾಗಿಲ ಮೇಲೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಕೆಳಗೆ ಕಾಲಿಂಗ್ ಬೆಲ್‌ಗಳ ಸಾಲು, ಪ್ರತಿಯೊಂದರ ಪಕ್ಕ ಹೆಸರು. ಅಂಚೆ ಡಬ್ಬಿಯ ಮೇಲೂ ಹೆಸರು. ಪೋಸ್ಟ್‌ಮನ್ ಹುಡುಕುವುದು ಹೆಸರನ್ನೇ. ಹೆಸರಿಲ್ಲದಿದ್ದರೆ ನೀವು ಅಲ್ಲಿಲ್ಲ. ನನ್ನ ತಾತ್ಕಾಲಿಕ ಕೋಣೆಯ ಡಬ್ಬಿಯ ಮೇಲೆ ಹೆಸರು ಅಂಟಿಸಲು ಒಪ್ಪಿಗೆ ಇರಲಿಲ್ಲ. ಹೊಸ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು, ಅದೂ ಸಿಗಲಿಲ್ಲ. ಬ್ಯಾಂಕಿನಿಂದ ಬಂದ ಕಾರ್ಡು ಬಂದ ದಾರಿಯಲ್ಲೇ ವಾಪಸಾಯಿತು. ಸಂಜೆ ಆಫೀಸಿನಿಂದ ಬಂದು ಬೆಲ್‌ಗಳ ಆ ಸಾಲಿನ ಮುಂದೆ ನಿಂತು, ಎಲ್ಲ ಹೆಸರುಗಳನ್ನೂ ಓದಿ ಒಳಗೆ ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು.

ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದಳು, “ಮನೆ ಸಿಕ್ತೇನೋ?” ಇಲ್ಲಮ್ಮ ಅಂದರೆ ತಕ್ಷಣ ಮಾತು ಬದಲಿಸಿ, “ಇವತ್ತು ಎಲ್ಲಿಗೆ ಹೋಗಿದ್ದೆ? ಫೋಟೋ ಕಳಿಸು” ಅನ್ನುತ್ತಿದ್ದಳು. ನಾನು ಕಳಿಸುತ್ತಿದ್ದೆ. ಆಗ ತಿಂಗಳಿಗೆ 49 ಯೂರೋ ಕೊಟ್ಟರೆ ಡಾಯ್ಚ್‌ಲಾಂಡ್ ಟಿಕೆಟ್. ವೇಗದ ದೂರದ ರೈಲುಗಳನ್ನು ಬಿಟ್ಟು ದೇಶದ ಪ್ರಾದೇಶಿಕ ರೈಲು, ಬಸ್ಸು, ಟ್ರಾಮುಗಳಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಶನಿವಾರ ಬೆಳಗ್ಗೆ ಮನೆ ನೋಡುವುದು, ಮಧ್ಯಾಹ್ನದಿಂದ ಸುತ್ತಾಟ. ಭಾನುವಾರ ಹೇಗೂ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಊರಿಗೆ ಊರೇ ಸದ್ದಿಲ್ಲದೆ ಮಲಗಿರುತ್ತದೆ. ಬೇರೆಯವರ ಕೋಣೆಯಲ್ಲಿ, ಬೇರೆಯವರ ಗೆಳೆಯರ ಫೋಟೋಗಳ ಮುಂದೆ ಆ ಮೌನದಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ.

ಹೋದಲ್ಲೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಮನೆಗಳೇ. ಕೋಟೆ ನೋಡಲು ಹೋದರೆ ಕೋಟೆಯ ಕೆಳಗಿನ ಬೀದಿಯ ಕಿಟಕಿಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲು. ವಾಪಸ್ ಬರುವ ರೈಲಿನಿಂದ ದೀಪ ಹಚ್ಚಿದ ಅಡುಗೆಮನೆಗಳು ಕಾಣುತ್ತಿದ್ದವು. ಯಾರೋ ತರಕಾರಿ ಹೆಚ್ಚುತ್ತಿದ್ದಾರೆ, ಒಂದು ಮಗು ಕುರ್ಚಿಯ ಮೇಲೆ ನಿಂತಿದೆ. ಆ ವರ್ಷ ಕಂಡ ಬೆಟ್ಟ, ನದಿ, ಚರ್ಚುಗಳೆಲ್ಲ ಕಲಸಿಹೋಗಿವೆ, ಆ ಅಡುಗೆಮನೆಗಳು ಮಾತ್ರ ಇವತ್ತಿಗೂ ಒಂದೊಂದಾಗಿ ನೆನಪಿವೆ. ಸುತ್ತಾಟ ಎಂಬುದಕ್ಕೆ ಹಿಂದಿರುಗುವ ಜಾಗ ಒಂದಿರಬೇಕು. ಇಲ್ಲದಿದ್ದರೆ ಅದು ಬರೀ ಅಲೆದಾಟ.

ಡಿಸೆಂಬರಿನ ಒಂದು ಶನಿವಾರ ಕಿಲ್ಲೆಸ್‌ಬರ್ಗ್ ಗುಡ್ಡದ ಕಡೆ ಮನೆ ನೋಡಿ, ಅದೂ ಸಿಗುವುದಿಲ್ಲವೆಂದು ಖಾತ್ರಿಯಾಗಿ, ಹತ್ತಿರದಲ್ಲೇ ಇದ್ದ ವೈಸೆನ್‌ಹೋಫ್ ಬಡಾವಣೆಗೆ ನಡೆದೆ. 1927ರಲ್ಲಿ, ಮೊದಲ ಮಹಾಯುದ್ಧದ ನಂತರ ಮನೆಗಳಿಗೆ ಬರ ಬಂದಿದ್ದ ಕಾಲದಲ್ಲಿ, ಮೀಸ್ ಫಾನ್ ಡೆರ್ ರೋಹೆ ಮುಂದಾಳತ್ವದಲ್ಲಿ ಹದಿನೇಳು ವಾಸ್ತುಶಿಲ್ಪಿಗಳು ಸೇರಿ ಇಲ್ಲಿ 21 ಕಟ್ಟಡಗಳನ್ನು ಕಟ್ಟಿ ಪ್ರದರ್ಶನಕ್ಕಿಟ್ಟರು. ಇನ್ನು ಮುಂದೆ ಸಾಮಾನ್ಯ ಜನ ಹೇಗೆ ವಾಸ ಮಾಡಬೇಕು ಎಂಬುದೇ ಪ್ರದರ್ಶನದ ವಿಷಯ. ಅವರಲ್ಲೊಬ್ಬರಾದ ಲ ಕಾರ್ಬ್ಯೂಸಿಯೇ ಕಟ್ಟಿದ ಜೋಡಿ ಮನೆ ಈಗ ಮ್ಯೂಸಿಯಂ. 2016ರಲ್ಲಿ ಯುನೆಸ್ಕೋ ಅವರ ಕೃತಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಂಡೀಗಢದ ಕ್ಯಾಪಿಟಲ್ ಕಟ್ಟಡಗಳ ಜೊತೆ ಇದೂ ಸೇರಿತು. ಆ ಮನೆಯಲ್ಲಿ ಹಗಲು ಹಾಸಿಗೆಗಳನ್ನು ಕಪಾಟಿನೊಳಗೆ ತಳ್ಳಿಬಿಟ್ಟರೆ ಇಡೀ ಜಾಗ ಒಂದೇ ಹಾಲ್. ರಾತ್ರಿ ಎಳೆದು ಅಡ್ಡತಡಿಕೆ ಸರಿಸಿದರೆ ಮಲಗುವ ಕೋಣೆಗಳು. ಓಣಿಯ ಅಗಲ ರೈಲಿನ ಬೋಗಿಯ ಓಣಿಯಷ್ಟೇ. ಎದುರಿಗೆ ಒಬ್ಬರು ಬಂದರೆ ಪಕ್ಕಕ್ಕೆ ತಿರುಗಿ ಗೋಡೆಗೆ ಒರಗಬೇಕು. ಉಳಿದ ಪ್ರವಾಸಿಗರು ಗೋಡೆಯ ಬಣ್ಣಗಳ ಫೋಟೋ ತೆಗೆಯುತ್ತಿದ್ದರು. ನಾನು ಕಪಾಟಿನ ಬಾಗಿಲ ಮುಂದೆ ನಿಂತು ನನ್ನ ಎರಡು ಸೂಟ್‌ಕೇಸು ಎಲ್ಲಿಡಬಹುದು ಎಂದು ಯೋಚಿಸುತ್ತಿದ್ದೆ. ಯುದ್ಧದಲ್ಲಿ ಹೋದದ್ದು ಹೋಗಿ ಉಳಿದ ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಅವುಗಳ ಬೆಲ್‌ಗಳ ಪಕ್ಕದ ಹೆಸರುಗಳನ್ನೂ ಓದಿ ಬಂದೆ.

ಜನವರಿಯಲ್ಲಿ ಉಲ್ಮ್‌ನಲ್ಲಿ ರೈಲು ಬದಲಿಸಿ ಔಗ್ಸ್‌ಬುರ್ಗ್‌ಗೆ ಹೋದೆ. ಅಲ್ಲಿಯ ಫುಗ್ಗೆರೈ ನೋಡಬೇಕೆಂದು ಆಫೀಸಿನ ಅಕ್ಕ ಹೇಳಿದ್ದರು. ಯಾಕೋಬ್ ಫುಗ್ಗರ್ ಎಂಬ ಮಹಾ ಶ್ರೀಮಂತ ವ್ಯಾಪಾರಿ 1521ರಲ್ಲಿ ಊರಿನ ಬಡವರಿಗಾಗಿ ಸ್ಥಾಪಿಸಿದ ಪುಟ್ಟ ಬಡಾವಣೆ ಅದು. ಇಂದಿಗೂ ಸುಮಾರು 150 ಜನ ವಾಸವಿದ್ದಾರೆ. ವರ್ಷದ ಬಾಡಿಗೆ ಆ ಕಾಲದ ಒಂದು ಗುಲ್ಡನ್, ಈಗಿನ ಲೆಕ್ಕದಲ್ಲಿ 88 ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ. ಅದರ ಜೊತೆಗೆ ಸ್ಥಾಪಕನ ಕುಟುಂಬಕ್ಕಾಗಿ ದಿನಕ್ಕೆ ಮೂರು ಬಾರಿ ಪ್ರಾರ್ಥನೆ. ರಾತ್ರಿ ಹತ್ತಕ್ಕೆ ಹೊರಬಾಗಿಲು ಹಾಕುತ್ತಾರೆ. ನನ್ನ ಸಂಬಳದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಬಾಡಿಗೆಗೆ ತೆಗೆದಿಟ್ಟುಕೊಂಡು, ಅದನ್ನು ತೆಗೆದುಕೊಳ್ಳುವವರಿಲ್ಲದೆ ಅಲೆಯುತ್ತಿದ್ದ ನನಗೆ ಆ 88 ಸೆಂಟ್ ಕೇಳಿ ಹೊಟ್ಟೆಕಿಚ್ಚಾಗಲಿಲ್ಲ. ಮನೆ ಎಂಬುದನ್ನು ಇಷ್ಟು ದೀರ್ಘಕಾಲ, ಐದು ನೂರು ವರ್ಷ, ಒಂದೇ ಮಾತಿನ ಮೇಲೆ ಉಳಿಸಿಕೊಂಡು ಬರಲು ಸಾಧ್ಯ ಎಂಬುದು ಎದೆಗೆ ತಟ್ಟಿತು.

ಆದರೆ ಫುಗ್ಗೆರೈಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬಾಗಿಲ ಪಕ್ಕದ ಗಂಟೆಯ ಹಿಡಿಗಳು. ಎಲ್ಲ ಮನೆಗಳೂ ಒಂದೇ ಥರ, ಹಳದಿ ಗೋಡೆ, ಕೆಂಪು ಹೆಂಚು. ಗಂಟೆ ಎಳೆಯುವ ಕಬ್ಬಿಣದ ಹಿಡಿಗಳು ಮಾತ್ರ ಒಂದೊಂದೂ ಒಂದೊಂದು ಆಕಾರ. ಬೀದಿ ದೀಪಗಳಿಲ್ಲದ ಕಾಲದಲ್ಲಿ ಕತ್ತಲಲ್ಲಿ ಬಂದವರು ಹಿಡಿಯನ್ನು ಮುಟ್ಟಿ ನೋಡಿ ತಮ್ಮ ಮನೆ ಯಾವುದೆಂದು ತಿಳಿಯುತ್ತಿದ್ದರಂತೆ. ಅಷ್ಟು ಬಡವರಿಗೆ, ಅಷ್ಟು ಸಣ್ಣ ಮನೆಗೆ, ಇದು ನಿನ್ನದೇ ಎಂದು ಬೆರಳಿಗೆ ತಿಳಿಯುವ ಗುರುತೊಂದನ್ನು ಮಾಡಿಕೊಟ್ಟಿದ್ದರು. ಚಳಿಯಲ್ಲಿ ಕೈಗವಸು ತೆಗೆದು ಒಂದನ್ನು ಮೆಲ್ಲಗೆ ಮುಟ್ಟಿದೆ. ಎಳೆಯಲಿಲ್ಲ.

ಫೆಬ್ರವರಿಯಲ್ಲಿ ಬಿರ್ಕೆನ್‌ಕೋಫ್ ಹತ್ತಿದೆ. ಸ್ಟುಟ್‌ಗಾರ್ಟ್‌ನ ಪಶ್ಚಿಮಕ್ಕಿರುವ ಗುಡ್ಡ, 511 ಮೀಟರ್. ಸುತ್ತಿ ಸುತ್ತಿ ಹೋಗುವ ಅಗಲವಾದ ದಾರಿ, ಸಲೀಸಾಗಿ ಏರಬಹುದು. ತುದಿಗೆ ಬಂದಾಗ ಬಂಡೆಗಳ ರಾಶಿ ಕಂಡಿತು. ಹತ್ತಿರ ಹೋದರೆ ಬಂಡೆಗಳಲ್ಲ. ಕೆತ್ತಿದ ಕಿಟಕಿ ಚೌಕಟ್ಟು, ಕಂಬದ ತುಂಡು, ಬಾಗಿಲ ಮೇಲಿನ ಕಮಾನು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕುಸಿದ ನಗರದ ಅವಶೇಷಗಳನ್ನು 1953ರಿಂದ 1957ರವರೆಗೆ ಇಲ್ಲಿ ತಂದು ಸುರಿದರು. ಗುಡ್ಡ ನಲವತ್ತು ಮೀಟರಿನಷ್ಟು ಎತ್ತರವಾಯಿತು. ಸತ್ತವರ ನೆನಪಿಗೆ, ಬದುಕಿರುವವರ ಎಚ್ಚರಿಕೆಗೆ ಈ ಗುಡ್ಡ ಎಂದು ಒಂದು ಫಲಕ ಹೇಳುತ್ತದೆ. ಅಂದರೆ ಅಷ್ಟು ಹೊತ್ತು ನಾನು ಏರಿ ಬಂದದ್ದು ಮನೆಗಳನ್ನು. ಜನರ ಜಗಲಿ, ಮೆಟ್ಟಿಲು, ಅಡುಗೆಮನೆಯ ಗೋಡೆ. ಕೆಳಗೆ ಬಟ್ಟಲಿನ ಹಾಗಿರುವ ಕಣಿವೆಯಲ್ಲಿ ಊರು ಪೂರ್ತಿ ಕಾಣುತ್ತಿತ್ತು. ಆ ಊರನ್ನು ಮತ್ತೆ ಒಂದೊಂದು ಮನೆಯಾಗಿ ಎಬ್ಬಿಸಿದ್ದಾರೆ. ಅಲ್ಲಿ ನನಗೆ ಒಂದು ಕೋಣೆ ಸಿಕ್ಕಿಲ್ಲವೆಂಬ ದುಃಖ ಆ ದಿನ ಸಣ್ಣದಾಗಲಿಲ್ಲ, ನಿಜ ಹೇಳುತ್ತೇನೆ. ಆದರೆ ಈ ಊರಿನ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ಮಾರ್ಚ್ ಕೊನೆಯಲ್ಲಿ ಹೆಸ್ಲಾಖ್ ಎಂಬ ಬಡಾವಣೆಯಲ್ಲಿ ಒಂದು ಮನೆಗೆ ಕರೆ ಬಂತು. ಈ ಸಲ ಸಾಲು ಇರಲಿಲ್ಲ. ಮೂರನೇ ಮಹಡಿ, ಒಂದು ಕೋಣೆ, 28 ಚದರ ಮೀಟರ್. ಕೆಳಗಿನ ಮನೆಯಲ್ಲೇ ಇರುವ ಮಾಲೀಕರು, ಎಪ್ಪತ್ತೆಂಟು ವರ್ಷದ ಅಜ್ಜಿ, ನನ್ನನ್ನು ಕೂರಿಸಿ ಫೈಲನ್ನು ಪಕ್ಕಕ್ಕಿಟ್ಟು ಕೇಳಿದರು: “ಭಾನುವಾರ ನೀವು ಏನು ಮಾಡುತ್ತೀರಿ?” ಸದ್ದುಗದ್ದಲದ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಭಾನುವಾರ ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ಖಾಲಿ ಬಾಟಲಿಗಳನ್ನು ಡಬ್ಬಿಗೆ ಎಸೆಯುವ ಹಾಗಿಲ್ಲ ಎಂದೆಲ್ಲ ಅಷ್ಟರಲ್ಲಿ ಕಲಿತಿದ್ದೆ. ಗಲಾಟೆ ಮಾಡುವುದಿಲ್ಲ, ಊರು ನೋಡಲು ಹೋಗುತ್ತೇನೆ ಅಂದೆ, ನನ್ನ ತಡವರಿಸುವ ಜರ್ಮನ್‌ನಲ್ಲಿ. ಎಲ್ಲಿಗೆ ಎಂದರು. ವೈಸೆನ್‌ಹೋಫ್, ಔಗ್ಸ್‌ಬುರ್ಗ್, ಬಿರ್ಕೆನ್‌ಕೋಫ್.

ಬಿರ್ಕೆನ್‌ಕೋಫ್ ಎಂದ ಕೂಡಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ಶಾಲೆಗೆ ಹೋಗುವಾಗ ಲಾರಿಗಳು ಹೋಗುತ್ತಿದ್ದವು. ಸಾಲು ಸಾಲು. ನಮ್ಮ ಅಜ್ಜಿಯ ಮನೆಯೂ ಅದರಲ್ಲೇ ಎಲ್ಲೋ ಇದೆ” ಅಂದರು. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಹೇಳಬೇಕಾದದ್ದು ಮನಸ್ಸಿನಲ್ಲಿತ್ತು, ಅದಕ್ಕೆ ಬೇಕಾದಷ್ಟು ಜರ್ಮನ್ ನನಗೆ ಬರುತ್ತಿರಲಿಲ್ಲ. ಎದ್ದು ಹೊರಡುವಾಗ, “ಕೇರ್‌ವೋಹೆ ಗೊತ್ತಲ್ಲ?” ಎಂದು ಕೇಳಿದರು. ಗೊತ್ತಿತ್ತು. ವಾರಕ್ಕೊಬ್ಬರಂತೆ ಸರದಿಯ ಮೇಲೆ ಮೆಟ್ಟಿಲು ಗುಡಿಸಿ ಒರೆಸುವ ಈ ಸೀಮೆಯ ಪದ್ಧತಿ. ಅದರ ಬೇರು 1492ರ ಸ್ಟುಟ್‌ಗಾರ್ಟ್ ನಗರ ನಿಯಮದವರೆಗೆ ಹೋಗುತ್ತದೆ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಮಾಡುತ್ತೇನೆ ಅಂದೆ. ಎರಡು ದಿನದ ಮೇಲೆ ಫೋನ್ ಬಂತು. ಆಫೀಸಿನ ಕಾರಿಡಾರಿನಲ್ಲಿ ನಿಂತು ಮೂರು ಸಲ ಧನ್ಯವಾದ ಹೇಳಿದೆ. ಅಮ್ಮನಿಗೆ ಹೇಳುವಾಗ ಮಾತ್ರ ಗಂಟಲು ಕಟ್ಟಿತು.

ಅಡುಗೆಮನೆ ಈ ಮನೆಯಲ್ಲೂ ಇರಲಿಲ್ಲ. ಖಾಲಿ ಮಾಡುತ್ತಿದ್ದವರು ತಮ್ಮ ಒಲೆ, ಸಿಂಕು, ಕಪಾಟುಗಳನ್ನು ನನಗೇ ಮಾರಿದರು. ದೀಪ ಹಾಕಿಸಲು ಹತ್ತು ದಿನವಾಯಿತು. ಅಲ್ಲಿಯವರೆಗೆ ಒಂದೇ ಟೇಬಲ್ ಲ್ಯಾಂಪನ್ನು ಕೋಣೆಯಿಂದ ಬಚ್ಚಲಿಗೆ, ಬಚ್ಚಲಿಂದ ಕೋಣೆಗೆ ಒಯ್ಯುತ್ತಿದ್ದೆ. ಕೀಲಿಕೈ ಕೊಟ್ಟ ದಿನವೇ ಅಜ್ಜಿ ನೋಂದಣಿಯ ಪತ್ರಕ್ಕೆ ಸಹಿ ಮಾಡಿಟ್ಟಿದ್ದರು. ಬೆಲ್ ಪಕ್ಕದ ಹೆಸರಿಗೆ ಒಂದು ಚೀಟಿ ಕೊಟ್ಟು, “ದೊಡ್ಡ ಅಕ್ಷರದಲ್ಲಿ ಬರೆಯಿರಿ” ಅಂದರು. ನನ್ನ ಹೆಸರು ಉದ್ದ, ಜಾಗ ಕಿರಿದು. ಎಲ್ಲಿ ಕತ್ತರಿಸಬೇಕೆಂದು ಯೋಚಿಸುತ್ತಿರುವಾಗ ಅವರೇ ಇನ್ನೊಂದು ಚೀಟಿ ತಂದು ಎರಡು ಸಾಲಿನಲ್ಲಿ ಬರೆಯಲು ಹೇಳಿದರು. ಪೂರ್ತಿ ಹೆಸರೇ ಇರಲಿ ಎಂದರು.

ಮೇ ತಿಂಗಳ ಮೊದಲ ಶನಿವಾರ, ಎಂಟು ತಿಂಗಳಲ್ಲಿ ಮೊದಲ ಸಲ, ನೋಡಬೇಕಾದ ಮನೆ ಒಂದೂ ಇರಲಿಲ್ಲ. ತಡವಾಗಿ ಎದ್ದು ಎಸ್-ಬಾನ್ ಹಿಡಿದು ಎಸ್‌ಲಿಂಗೆನ್‌ಗೆ ಹೋದೆ. ಪಕ್ಕದಲ್ಲೇ ಇರುವ ಊರು, ಒಂದನೇ ನಂಬರಿನ ರೈಲು. ಮಂಗಳೂರಿನಲ್ಲಿ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹೆರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಈ ಎಸ್‌ಲಿಂಗೆನ್‌ನಲ್ಲಿ. ಹುಟ್ಟಿದ್ದೂ ಈ ಸೀಮೆಯಲ್ಲೇ. 1836ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಇಪ್ಪತ್ತೈದು, ನಾನು ಇಲ್ಲಿಗೆ ಬಂದಷ್ಟೇ ವಯಸ್ಸು. ಎಂಟು ತಿಂಗಳು ಅವರ ಊರಿನ ಹತ್ತಿರವೇ ಇದ್ದೂ ನನಗೆ ಇದು ನೆನಪಾಗಿರಲಿಲ್ಲ. ಮನೆಯ ಚಿಂತೆ ತಲೆಯಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟಿರಲಿಲ್ಲ. ಆ ದಿನ ನೆಕಾರ್ ನದಿಯ ಕಾಲುವೆಗಳ ಮೇಲಿನ ಸೇತುವೆಯಲ್ಲಿ ನಿಂತು, ಪರದೇಶದ ಭಾಷೆಯೊಂದನ್ನು ಪತ್ರಿಕೆ ಬರೆಯುವಷ್ಟು ಕಲಿತ ಆ ಹುಡುಗನ ಬಗ್ಗೆ ಸಾವಧಾನವಾಗಿ ಯೋಚಿಸಿದೆ. ನನ್ನ ಜರ್ಮನ್ ತರಗತಿಗೆ ಮತ್ತೆ ಸೇರಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಮರದ ಅಡ್ಡಪಟ್ಟಿಗಳ ಹಳೆಯ ಮನೆಗಳ ಸಾಲು ದಾರಿಯಲ್ಲಿತ್ತು. ಚೆಂದ ಇದೆ ಅನ್ನಿಸಿತು. ಬಾಡಿಗೆ ಎಷ್ಟಿರಬಹುದು ಎಂಬ ಪ್ರಶ್ನೆ ಬರಲಿಲ್ಲ ಎಂಬುದು ಆ ಬೀದಿ ದಾಟಿದ ಮೇಲೆ ಗಮನಕ್ಕೆ ಬಂತು.

ಸಂಜೆ ಆರಕ್ಕೆ ವಾಪಸ್ ಬಂದು ಮೂರು ಮಹಡಿ ಹತ್ತಿದರೆ ಬಾಗಿಲ ಹಿಡಿಕೆಗೆ ಒಂದು ಹಲಗೆ ತೂಗುಬಿದ್ದಿತ್ತು. ಅದರ ಮೇಲೆ ಒಂದೇ ಪದ, ಕೇರ್‌ವೋಹೆ. ಈ ವಾರದ ಸರದಿ ನನ್ನದು, ವಾರ ಇವತ್ತಿಗೆ ಮುಗಿಯುತ್ತದೆ. ಬೆಳಗ್ಗೆ ಹೊರಡುವ ಅವಸರದಲ್ಲಿ ಕಂಡಿರಲಿಲ್ಲ. ಚೀಲ ಒಳಗಿಟ್ಟು, ಬಕೆಟ್ಟಿಗೆ ಬಿಸಿನೀರು ತುಂಬಿ, ಪೊರಕೆ ಹಿಡಿದು ಮೇಲಿನ ಮೆಟ್ಟಿಲಿನಿಂದ ಶುರುಮಾಡಿದೆ. ಕೆಳಗೆ ಅಜ್ಜಿಯ ಬಾಗಿಲು ತೆರೆದ ಸದ್ದಾಯಿತು. ತಲೆ ಹೊರಗೆ ಹಾಕಿ ಮೇಲೆ ನೋಡಿ, “ಇವತ್ತು ಎಲ್ಲಿಗೆ ಹೋಗಿದ್ದಿರಿ?” ಅಂದರು.